ಗುಡ್ಡ ಅಗೆಯುವ ಮೊದಲು ಅಳತೆ ಸರಿ ಮಾಡಿ

ರಾಜ್ಯಕ್ಕೆ ಕರೆಂಟು ಸಾಲದು ಎಂಬ ಮಾತು ಬಂದಾಗಲೆಲ್ಲ ಆಡಳಿತದ ಕಣ್ಣು ಬೀಳುವುದು ಪಶ್ಚಿಮಘಟ್ಟದ ಮೇಲೆ. ಬೆಳಗೋಡು, ಹಾನಬಾಳು, ಹೆತ್ತೂರು, ಯಸಳೂರು ಹೋಬಳಿಗಳ ಜನಕ್ಕೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಗುಂಡ್ಯ ಜಲವಿದ್ಯುತ್ ಯೋಜನೆಯ ಹೆಸರು ಕೇಳಿದರೆ ಇಂದಿಗೂ ಇಲ್ಲಿ ಚರ್ಚೆ ಬಿಸಿಯಾಗುತ್ತದೆ. ಮೊದಲ ಹಂತದಲ್ಲಿ 200 ಮೆಗಾವಾಟ್ ಎಂದು ಹೊರಟ ಆ ಯೋಜನೆಗೆ ಅನುಮತಿ ಕೊಡಬಾರದು ಎಂದು 2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿ ಹೇಳಿತ್ತು. ಕೆಂಪುಹೊಳೆ ಆಸುಪಾಸಿನ ಮಿನಿ ಹೈಡೆಲ್‌ಗಳ ಜಗಳ ಬೇರೆ. ಅತ್ತ ಶರಾವತಿ ಕಣಿವೆಯಲ್ಲಿ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಗಲಾಟೆ ನಡೆದೇ ಇದೆ.

ಹೊಸ ಯೋಜನೆ ಎಂದರೆ ರಿಬ್ಬನ್ ಇದೆ, ಶಿಲಾನ್ಯಾಸ ಇದೆ, ಟೆಂಡರ್ ಇದೆ. ಈಗಾಗಲೇ ಕಟ್ಟಿರುವ ಸ್ಥಾವರದಿಂದ ಇನ್ನಷ್ಟು ಕರೆಂಟು ತೆಗೆಯಲು ಸಾಧ್ಯವೇ ಎಂದು ಕೇಳುವುದರಲ್ಲಿ ಇವು ಯಾವುವೂ ಇಲ್ಲ. ಅದಕ್ಕೇ ಆ ಪ್ರಶ್ನೆಯನ್ನು ಯಾರೂ ಜೋರಾಗಿ ಕೇಳುವುದಿಲ್ಲ. ನಾವು ಕೇಳೋಣ ಎಂದುಕೊಂಡಿದ್ದೇವೆ. ಅದರಲ್ಲೂ ಒಂದು ನಿರ್ದಿಷ್ಟ ದಾರಿಯ ಬಗ್ಗೆ: ಅಣುಸ್ಥಾವರದಲ್ಲಿ ಒಂದು ಅಳತೆಯನ್ನು ಸರಿಯಾಗಿ ಮಾಡಿದರೆ, ಹೊಸ ರಿಯಾಕ್ಟರ್ ಕಟ್ಟದೆ, ಒಂದು ಮರ ಕಡಿಯದೆ ಕರೆಂಟು ಹೆಚ್ಚುತ್ತದೆ. ಅಮೆರಿಕದಲ್ಲಿ ಇದನ್ನು ಮಾಡಿ ತೋರಿಸಿ ಇಪ್ಪತ್ತೈದು ವರ್ಷ ಕಳೆದಿದೆ. ನಮ್ಮ ರಾಜ್ಯದಲ್ಲಿ ಕೈಗಾ ಇದೆ. ಹಾಗಾಗಿ ಇದು ನಮ್ಮ ಮಾತೂ ಹೌದು.

ಲಾರಿ ಮತ್ತು ತೂಕದ ಯಂತ್ರ

ವಿಷಯ ಸ್ವಲ್ಪ ತಾಂತ್ರಿಕ. ಆದರೆ ಲಾರಿಗೆ ಕಾಫಿ ಮೂಟೆ ಹೇರಿದವರಿಗೆ ಅರ್ಥವಾಗದ್ದೇನಲ್ಲ.

ಶಿರಾಡಿ ಘಾಟಿ ಇಳಿಯುವ ಒಂದು ಲಾರಿಗೆ 10 ಟನ್ ಹೇರಲು ಮಾತ್ರ ಪರವಾನಗಿ ಇದೆ ಎಂದುಕೊಳ್ಳಿ. ತೂಕ ಮಾಡುವ ವೇ ಬ್ರಿಡ್ಜ್ ಹಳೆಯದು. ಅದು 200 ಕೆಜಿ ಹೆಚ್ಚು ತೋರಿಸಬಹುದು, ಕಡಿಮೆಯೂ ತೋರಿಸಬಹುದು. ಕಾನೂನು ಮೀರಬಾರದು, ಬ್ರೇಕ್ ಕೈಕೊಡಬಾರದು ಎನ್ನುವ ಮಾಲೀಕ ಏನು ಮಾಡುತ್ತಾನೆ? ಯಂತ್ರ 9,800 ಕೆಜಿ ತೋರಿಸಿದ ಕೂಡಲೇ ಹೇರುವುದನ್ನು ನಿಲ್ಲಿಸುತ್ತಾನೆ. ಆ 200 ಕೆಜಿ ಜಾಗ ಖಾಲಿ ಹೋಗುತ್ತದೆ.

ಈಗ ಹೊಸ ವೇ ಬ್ರಿಡ್ಜ್ ಬಂತು. ಇದರ ತಪ್ಪು ಹೆಚ್ಚೆಂದರೆ 50 ಕೆಜಿ. ಮಾಲೀಕ ಇನ್ನು ಧೈರ್ಯವಾಗಿ 9,950 ಕೆಜಿ ಹೇರಬಹುದು. ಲಾರಿ ಅದೇ, ಇಂಜಿನ್ ಅದೇ, ರಸ್ತೆ ಅದೇ, ಕಾನೂನಿನ ಮಿತಿಯೂ ಅದೇ 10 ಟನ್. ಆದರೂ ಪ್ರತಿ ಸಲ 150 ಕೆಜಿ, ಅಂದರೆ 50 ಕೆಜಿಯ ಮೂರು ಮೂಟೆ ಹೆಚ್ಚು ಹೋಯಿತು. ಈ ಲಾಭ ಬಂದದ್ದು ಅಳತೆಯಿಂದ ಮಾತ್ರ.

ಅಣುಸ್ಥಾವರದಲ್ಲಿಯೂ ಇದೇ ಲೆಕ್ಕ. ಪ್ರತಿ ರಿಯಾಕ್ಟರಿಗೆ ಇಷ್ಟು ಶಾಖಕ್ಕಿಂತ ಹೆಚ್ಚು ಹುಟ್ಟಿಸುವಂತಿಲ್ಲ ಎಂಬ ಮಿತಿ ಇರುತ್ತದೆ. ಹುಟ್ಟುತ್ತಿರುವ ಶಾಖ ಎಷ್ಟು ಎಂಬುದು ಖಚಿತವಾಗಿ ಗೊತ್ತಿಲ್ಲದಿದ್ದರೆ, ಆ ಅನುಮಾನದಷ್ಟು ಜಾಗವನ್ನು ಖಾಲಿ ಬಿಡಬೇಕು.

ಕಷ್ಟ ಇರುವುದು ನೀರಿನ ಅಳತೆಯಲ್ಲಿ

ರಿಯಾಕ್ಟರಿನ ಶಾಖವನ್ನು ನೇರವಾಗಿ ಅಳೆಯುವ ಥರ್ಮಾಮೀಟರ್ ಇಲ್ಲ. ಒಳಗೆ ನ್ಯೂಟ್ರಾನ್ ಎಣಿಸುವ ಉಪಕರಣಗಳಿವೆ. ಅವು ಕ್ಷಣಾರ್ಧದಲ್ಲಿ ಏರಿಳಿತ ತೋರಿಸುತ್ತವೆ, ಆದರೆ ಅವನ್ನೂ ಬೇರೊಂದು ಅಳತೆಗೆ ಹೊಂದಿಸಿ ಸರಿ ಮಾಡುತ್ತಿರಬೇಕು. ಆ ಬೇರೆ ಅಳತೆ ಎಂದರೆ ಹಬೆಯ ಲೆಕ್ಕ. ಹಬೆ ಮಾಡುವ ಪಾತ್ರೆಗೆ ಎಷ್ಟು ನೀರು ಹೋಯಿತು, ಎಷ್ಟು ಬಿಸಿಯಲ್ಲಿ ಹೋಯಿತು, ಹಬೆಯಾಗಿ ಯಾವ ಒತ್ತಡದಲ್ಲಿ ಹೊರಬಂತು. ಇಷ್ಟು ಗೊತ್ತಾದರೆ ಶಾಖದ ಲೆಕ್ಕ ಸಿಗುತ್ತದೆ.

ಬಿಸಿ ಮತ್ತು ಒತ್ತಡವನ್ನು ಚೆನ್ನಾಗಿಯೇ ಅಳೆಯಬಹುದು. ತೊಂದರೆ ಕೊಡುವುದು ನೀರಿನ ಹರಿವು. ಹಳೆಯ ಪದ್ಧತಿಯಲ್ಲಿ ಪೈಪಿನ ಒಂದು ಕಡೆ ಕುತ್ತಿಗೆಯಂತೆ ಕಿರಿದು ಮಾಡಿರುತ್ತಾರೆ. ಇದಕ್ಕೆ ವೆಂಚುರಿ ಎನ್ನುತ್ತಾರೆ. ಕಿರಿದಾದ ಜಾಗದಲ್ಲಿ ನೀರು ಜೋರಾಗಿ ಓಡುತ್ತದೆ, ಒತ್ತಡ ಇಳಿಯುತ್ತದೆ. ಒತ್ತಡ ಎಷ್ಟು ಇಳಿಯಿತು ಎಂಬುದರಿಂದ ಎಷ್ಟು ನೀರು ಹರಿಯಿತು ಎಂದು ಲೆಕ್ಕ ಹಾಕುತ್ತಾರೆ.

ವರ್ಷಗಟ್ಟಲೆ ನೀರು ಹರಿದಾಗ ಆ ಕುತ್ತಿಗೆಯಲ್ಲಿ ಕಿಟ್ಟ ಕಟ್ಟುತ್ತದೆ. ನಮ್ಮ ಸ್ಪ್ರಿಂಕ್ಲರ್ ಪೈಪಿನ ಮೂತಿಯಲ್ಲಿ ಕಟ್ಟುವ ಹಾಗೆ. ಕುತ್ತಿಗೆ ಇನ್ನಷ್ಟು ಕಿರಿದಾಗುತ್ತದೆ, ಒತ್ತಡ ಇನ್ನಷ್ಟು ಇಳಿಯುತ್ತದೆ, ಮೀಟರ್ ಇದ್ದದ್ದಕ್ಕಿಂತ ಹೆಚ್ಚು ನೀರು ತೋರಿಸುತ್ತದೆ. ಕಂಟ್ರೋಲ್ ರೂಮಿನಲ್ಲಿ ಕೂತವರು 'ಮಿತಿ ಮುಟ್ಟಿತು' ಎಂದು ರಿಯಾಕ್ಟರ್ ತಗ್ಗಿಸುತ್ತಾರೆ. ನಿಜದಲ್ಲಿ ಮಿತಿ ಇನ್ನೂ ದೂರ ಇರುತ್ತದೆ. ಸ್ಥಾವರ ಸುರಕ್ಷಿತವಾಗಿಯೇ ಇದೆ, ಆದರೆ ಕರೆಂಟು ಸುಮ್ಮನೆ ನಷ್ಟ.

ಹೊಸ ಪದ್ಧತಿ ಶಬ್ದದಿಂದ ಅಳೆಯುವುದು. ಪೈಪಿನಲ್ಲಿ ಓರೆಯಾಗಿ, ಹರಿವಿನ ದಿಕ್ಕಿಗೆ ಒಮ್ಮೆ, ಎದುರಿಗೆ ಒಮ್ಮೆ, ಕಿವಿಗೆ ಕೇಳದ ಶಬ್ದವನ್ನು ಕಳಿಸುತ್ತಾರೆ. ಹೊಳೆಯಲ್ಲಿ ತೆಪ್ಪ ನೀರಿನ ಜೊತೆ ಬೇಗ ಹೋಗುತ್ತದೆ, ಎದುರಿಗೆ ನಿಧಾನವಾಗುತ್ತದೆ. ಹಾಗೆಯೇ ಈ ಶಬ್ದ. ಎರಡರ ನಡುವಿನ ಸಮಯದ ವ್ಯತ್ಯಾಸದಿಂದ ನೀರಿನ ವೇಗ ಸಿಗುತ್ತದೆ. ಒಂದೇ ಗೆರೆಯಲ್ಲಲ್ಲ, ಪೈಪಿನ ಹಲವು ಎತ್ತರಗಳಲ್ಲಿ ಹೀಗೆ ಅಳೆದು ಒಟ್ಟು ಲೆಕ್ಕ ಮಾಡುತ್ತಾರೆ. ಇಲ್ಲಿ ಕಿಟ್ಟ ಕಟ್ಟಲು ಕಿರಿದಾದ ಕುತ್ತಿಗೆ ಇಲ್ಲ.

ಅಮೆರಿಕ ಮಾಡಿದ್ದೇನು

ಅಲ್ಲಿನ ಹಳೆಯ ನಿಯಮದಂತೆ, ಅಪಘಾತವಾದರೆ ರಿಯಾಕ್ಟರನ್ನು ತಣಿಸಲು ಸಾಧ್ಯವೇ ಎಂದು ಲೆಕ್ಕ ಹಾಕುವಾಗ ಪರವಾನಗಿಗಿಂತ ಶೇ 2ರಷ್ಟು ಹೆಚ್ಚು ಶಕ್ತಿಯಲ್ಲಿ ನಡೆಯುತ್ತಿದೆ ಎಂದೇ ಭಾವಿಸಬೇಕಿತ್ತು. ಆ ಶೇ 2 ಅಳತೆಯ ತಪ್ಪಿಗೆ ಬಿಟ್ಟ ಜಾಗ. ಟೆಕ್ಸಾಸ್‌ನ ಕಮಾಂಚಿ ಪೀಕ್ ಸ್ಥಾವರ ಶಬ್ದದ ಮೀಟರ್ ಹಾಕಿ, 'ನಮ್ಮ ಅಳತೆಯ ತಪ್ಪು ಅಷ್ಟಿಲ್ಲ' ಎಂದು ತೋರಿಸಿತು. 1999ರಲ್ಲಿ ಅದಕ್ಕೆ ಶೇ 1ರಷ್ಟು ಶಕ್ತಿ ಹೆಚ್ಚಿಸಿಕೊಳ್ಳಲು ಅನುಮತಿ ಸಿಕ್ಕಿತು. 2000ದಲ್ಲಿ ಅಲ್ಲಿನ ಅಣು ನಿಯಂತ್ರಣ ಆಯೋಗ ನಿಯಮವನ್ನೇ ಬದಲಿಸಿತು: ನಿಮ್ಮ ಅಳತೆ ಎಷ್ಟು ನಿಖರ ಎಂದು ಸಾಬೀತು ಮಾಡಿ, ಉಳಿದ ಜಾಗವನ್ನು ಬಳಸಿಕೊಳ್ಳಿ. ಅಲ್ಲಿಂದ ಈಚೆಗೆ ಹತ್ತಾರು ರಿಯಾಕ್ಟರುಗಳು ಇದೇ ದಾರಿಯಲ್ಲಿ ಸಾಮಾನ್ಯವಾಗಿ ಶೇ 1.4ರಿಂದ 1.7ರಷ್ಟು ಹೆಚ್ಚು ಶಕ್ತಿ ಪಡೆದಿವೆ.

ಕೈಗಾದ ಲೆಕ್ಕ

ಕಾರವಾರ ತಾಲೂಕಿನ ಕೈಗಾದಲ್ಲಿ, ಕಾಳಿ ನದಿಯ ಕದ್ರಾ ಜಲಾಶಯದ ಪಕ್ಕ, ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಮೊದಲ ಎರಡು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಮಟ್ಟದಲ್ಲಿ ಕರೆಂಟು ಕೊಡಲು ಶುರು ಮಾಡಿದವು. ಒಟ್ಟು 880 ಮೆಗಾವಾಟ್. ಅಲ್ಲಿನ ಕೆಲಸಗಾರರ ಸಾಮರ್ಥ್ಯದ ಬಗ್ಗೆ ಅನುಮಾನ ಬೇಡ. ಒಂದನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ ಒಮ್ಮೆಯೂ ನಿಲ್ಲದೆ 962 ದಿನ ಓಡಿ ಆಗ ವಿಶ್ವದಾಖಲೆ ಮಾಡಿತು. ಆ ಒಂದೇ ಓಟದಲ್ಲಿ ಸುಮಾರು 500 ಕೋಟಿ ಯೂನಿಟ್ ಕರೆಂಟು ಬಂತು.

ಕೈಗಾದ್ದು ಭಾರಜಲದ ಮಾದರಿ, ಅಮೆರಿಕದ್ದು ಬೇರೆ. ಅಲ್ಲಿನ ಶೇಕಡಾವಾರನ್ನು ಇಲ್ಲಿಗೆ ಹಾಗೇ ಅಂಟಿಸಲಾಗದು. ಇಲ್ಲಿನ ಸಂಖ್ಯೆ ಇಲ್ಲಿನ ಅಳತೆಯಿಂದಲೇ ಬರಬೇಕು. ಆದರೆ ಈ ದಾರಿಯ ಗಾತ್ರ ಎಷ್ಟು ಎಂದು ಅಂದಾಜಿಸಲು ಒಂದು ಲೆಕ್ಕ ಹಾಕಿ ನೋಡೋಣ. 880ರಲ್ಲಿ ಶೇ 1.5 ಎಂದರೆ 13.2 ಮೆಗಾವಾಟ್. ವರ್ಷದಲ್ಲಿ ಶೇ 85ರಷ್ಟು ಕಾಲ ಪೂರ್ತಿ ಓಡಿದರೆ ಸುಮಾರು 9.8 ಕೋಟಿ ಯೂನಿಟ್. ತಿಂಗಳಿಗೆ 100 ಯೂನಿಟ್ ಉರಿಸುವ ಮನೆಗಳ ಲೆಕ್ಕದಲ್ಲಿ 80 ಸಾವಿರಕ್ಕೂ ಹೆಚ್ಚು ಮನೆಗಳ ಇಡೀ ವರ್ಷದ ಕರೆಂಟು. ತಲಾ 700 ಮೆಗಾವಾಟ್‌ನ 5 ಮತ್ತು 6ನೇ ಘಟಕಗಳ ಕೆಲಸವೂ ಶುರುವಾಗಿದೆ. ಅವು ಸೇರಿದರೆ ಇದೇ ಲೆಕ್ಕದಲ್ಲಿ ಇನ್ನೂ 21 ಮೆಗಾವಾಟ್.

'ಗುಂಡ್ಯದ 200 ಮೆಗಾವಾಟ್ ಎಲ್ಲಿ, ನಿಮ್ಮ 13 ಎಲ್ಲಿ' ಎಂದು ಯಾರಾದರೂ ಕೇಳಬಹುದು. ಸರಿಯಾದ ಪ್ರಶ್ನೆ. ಒಂದಕ್ಕೆ ಒಂದು ಪರ್ಯಾಯ ಎಂದು ನಾವು ಹೇಳುತ್ತಿಲ್ಲ. ಆದರೆ ಮಳೆಗಾಲದಲ್ಲಿ ಓಡಿ ಬೇಸಿಗೆಯಲ್ಲಿ ಮಲಗುವ ಹೈಡೆಲ್‌ನ ಮೆಗಾವಾಟ್‌ಗೂ ಹಗಲು ರಾತ್ರಿ ಓಡುವ ಸ್ಥಾವರದ ಮೆಗಾವಾಟ್‌ಗೂ ವ್ಯತ್ಯಾಸ ಇದೆ. ಅದಕ್ಕಿಂತ ಮುಖ್ಯವಾದದ್ದು ಸರದಿ. ಮನೆಯ ಟ್ಯಾಂಕಿನ ಸೋರಿಕೆ ನಿಲ್ಲಿಸಿ, ಆಮೇಲೆ ಎರಡನೇ ಬೋರ್‌ವೆಲ್ ಕೊರೆಸುವುದು ಬುದ್ಧಿವಂತಿಕೆ. ಕಾಡು ಮುಳುಗಿಸುವ ಯೋಜನೆ ಕಡೆಯ ಸರದಿಯಲ್ಲಿರಬೇಕು, ಅಳತೆ ಸರಿ ಮಾಡುವ ಕೆಲಸ ಮೊದಲ ಸರದಿಯಲ್ಲಿ.

ಅಳತೆ ತಪ್ಪಿದರೆ ಏನಾಗುತ್ತದೆ, ನಮಗೆ ಗೊತ್ತು

ಎತ್ತಿನಹೊಳೆ ಯೋಜನೆಯನ್ನೇ ನೋಡಿ. ಅದು ಕುಡಿಯುವ ನೀರಿನದ್ದು, ಕರೆಂಟಿನದ್ದಲ್ಲ. ಪಾಠ ಮಾತ್ರ ಒಂದೇ. ನಮ್ಮ ಸಕಲೇಶಪುರದ ಹಳ್ಳಗಳಿಂದ 24.01 ಟಿಎಂಸಿ ನೀರು ಸಿಗುತ್ತದೆ ಎಂದು ಸರ್ಕಾರದ ವರದಿ ಹೇಳಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಲೆಕ್ಕ ಹಾಕಿ, ಸಿಗುವುದು 9.55 ಟಿಎಂಸಿ ಎಂದಿತು. ಎರಡು ಅಳತೆಗಳ ನಡುವೆ ಎರಡೂವರೆ ಪಟ್ಟು ಅಂತರ. ಆ ಅಂತರ ಬಗೆಹರಿಯುವ ಮೊದಲೇ ಗುಡ್ಡ ಅಗೆದದ್ದಾಯಿತು, ಪೈಪು ಹೂತದ್ದಾಯಿತು, ಯೋಜನೆಯ ವೆಚ್ಚ 23 ಸಾವಿರ ಕೋಟಿ ರೂಪಾಯಿ ದಾಟಿತು, 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತದ ಉದ್ಘಾಟನೆಯೂ ಆಯಿತು.

ನಮ್ಮ ಬೆಳೆಗಾರರು ಇದಕ್ಕಿಂತ ಶಿಸ್ತಿನವರು. ಹೂಮಳೆ 60 ಸೆಂಟ್ಸ್ ಬಂತೋ, ಒಂದು ಇಂಚು 20 ಸೆಂಟ್ಸ್ ಬಂತೋ ಎಂದು ತೋಟದ ಮಳೆಮಾಪಕ ನೋಡಿ ಡೈರಿಯಲ್ಲಿ ಬರೆದಿಡುತ್ತಾರೆ. ಸ್ಪ್ರಿಂಕ್ಲರ್ ಹಚ್ಚಬೇಕೋ ಬೇಡವೋ ಎಂಬ ತೀರ್ಮಾನ ಅದರ ಮೇಲೆ. ಡೈರಿಗೆ ಹಾಲು ಹಾಕುವವರಿಗೆ ಫ್ಯಾಟಿನ ಒಂದು ಪಾಯಿಂಟ್ ಏನು ಎಂದು ಗೊತ್ತು. ಕಾಫಿ ಮಾರುವವರಿಗೆ ತೇವಾಂಶ ಮತ್ತು ಔಟ್‌ಟರ್ನ್ ಏನು ಎಂದು ಗೊತ್ತು. ಅಳತೆ ಎಂದರೆ ದುಡ್ಡು ಎಂಬುದನ್ನು ಹಳ್ಳಿಗೆ ಯಾರೂ ಕಲಿಸಬೇಕಾಗಿಲ್ಲ. ದೊಡ್ಡ ಯೋಜನೆಗಳಿಂದಲೂ ಅದೇ ಶಿಸ್ತನ್ನು ಕೇಳುವ ಹಕ್ಕು ನಮಗಿದೆ.

ಎಚ್ಚರಿಕೆಯ ಮಾತೂ ಇದೆ

ಇಲ್ಲಿ ಬರೀ ಲಾಭದ ಕಥೆ ಹೇಳಿ ಮುಗಿಸಿದರೆ ಓದುಗರಿಗೆ ಮೋಸ ಮಾಡಿದಂತೆ.

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಬೈರನ್ ಮತ್ತು ಬ್ರೈಡ್‌ವುಡ್ ಎಂಬ ಎರಡು ಸ್ಥಾವರಗಳಿವೆ. ಅಲ್ಲಿ ಪೈಪಿನ ಹೊರಗಿನಿಂದ ಕಟ್ಟುವ ಬೇರೊಂದು ಬಗೆಯ ಶಬ್ದದ ಮೀಟರ್ ಹಾಕಿದ್ದರು. ಪೈಪಿನೊಳಗಿನ ಗದ್ದಲ ಮೀಟರಿನ ಸಂಕೇತದಲ್ಲಿ ಬೆರೆತು, ಅದು ನೀರನ್ನು ಕಡಿಮೆ ತೋರಿಸುತ್ತಿತ್ತು. ಪರಿಣಾಮ, ರಿಯಾಕ್ಟರುಗಳು ಪರವಾನಗಿಯ ಮಿತಿಗಿಂತ ಸ್ವಲ್ಪ ಹೆಚ್ಚು ಶಕ್ತಿಯಲ್ಲಿ ಓಡಿದವು. 2003ರ ಸುಮಾರಿಗೆ ಇದು ಬೆಳಕಿಗೆ ಬಂದು ಆ ಮೀಟರುಗಳನ್ನು ನಂಬುವುದನ್ನು ನಿಲ್ಲಿಸಿದರು.

ಅಂದರೆ ಖಾಲಿ ಬಿಟ್ಟ ಆ ಶೇ 2 ದಂಡದ ಜಾಗ ಆಗಿರಲಿಲ್ಲ. ನಮಗೆ ಗೊತ್ತಿಲ್ಲದ್ದಕ್ಕೆ ಕಟ್ಟಿದ ವಿಮೆ ಅದು. ನಿಜವಾಗಿ ಗೊತ್ತಾದ ಮೇಲೆ ಮಾತ್ರ ಆ ವಿಮೆ ಕಡಿಮೆ ಮಾಡಬಹುದು. 'ಹೊಸ ಮೀಟರ್ ತಂದಿದ್ದೇವೆ' ಎಂಬ ಬೋರ್ಡ್ ಹಾಕಿದರೆ ಸಾಲದು. ಆ ಮೀಟರನ್ನು ಇನ್ನೊಂದು ಬಗೆಯ ಅಳತೆಯ ಜೊತೆ ಸದಾ ಹೋಲಿಸುತ್ತಿರಬೇಕು. ಎರಡೂ ಬೇರೆ ಬೇರೆ ಹೇಳಿದರೆ ಮೊದಲು ಶಕ್ತಿ ತಗ್ಗಿಸಬೇಕು, ಕಾರಣ ಹುಡುಕುವುದು ಆಮೇಲೆ.

ಇನ್ನೊಂದು ಮಾತು ಕಾಳಿ ನದಿಯದ್ದು. ರಿಯಾಕ್ಟರಿನಲ್ಲಿ ಹುಟ್ಟುವ ಶಾಖದಲ್ಲಿ ಕರೆಂಟಾಗುವುದು ಮೂರನೇ ಒಂದು ಭಾಗದ ಆಸುಪಾಸು. ಉಳಿದದ್ದು ತಣಿಸುವ ನೀರಿನ ಜೊತೆ ಕದ್ರಾ ಜಲಾಶಯಕ್ಕೆ ಹೋಗುತ್ತದೆ. ಶಕ್ತಿ ಶೇ 1.5 ಹೆಚ್ಚಿದರೆ ಆ ಬಿಸಿಯೂ ಅಷ್ಟೇ ಹೆಚ್ಚುತ್ತದೆ. ಕದ್ರಾದ ಮೀನು ಹಿಡಿಯುವವರಿಗೆ ಇದು ಸಣ್ಣ ವಿಷಯವಲ್ಲ. ನಮ್ಮ ಗುಡ್ಡ ಉಳಿಸಲು ಅವರ ನೀರು ಕೆಡಿಸಿ ಎಂದು ನಾವು ಹೇಳಲಾರೆವು. ನೀರಿನ ಬಿಸಿಯನ್ನೂ ಅಷ್ಟೇ ನಿಖರವಾಗಿ ಅಳೆದು ಅವರ ಮುಂದೆ ಇಡಬೇಕು.

ಅಣುವಿಗೇ ವಿರೋಧ ಇರುವವರಿಗೆ

ನಮ್ಮ ಓದುಗರಲ್ಲಿ ಅಣುಶಕ್ತಿಯೇ ಬೇಡ ಎನ್ನುವವರು ಬಹಳ ಮಂದಿ ಇದ್ದಾರೆ. ಆ ವಾದಕ್ಕೆ ಕರ್ನಾಟಕದಲ್ಲಿ ದೊಡ್ಡ ಪರಂಪರೆ ಇದೆ. ಕೈಗಾ ವಿರುದ್ಧ ದನಿ ಎತ್ತಿದ ಶಿವರಾಮ ಕಾರಂತರು 1989ರಲ್ಲಿ ಪರಿಸರದ ಹೆಸರಿನಲ್ಲೇ ಲೋಕಸಭೆಗೆ ಸ್ಪರ್ಧಿಸಿದ್ದರು. 1994ರ ಮೇ 13ರಂದು ನಿರ್ಮಾಣದ ಹಂತದಲ್ಲಿದ್ದ ಗುಮ್ಮಟದ ಕಾಂಕ್ರೀಟ್ ಕುಸಿದು ಬಿತ್ತು. ಆ ಭಯ ಹುಚ್ಚಲ್ಲ ಎಂದು ಅವತ್ತು ಎಲ್ಲರಿಗೂ ಗೊತ್ತಾಯಿತು.

ಆದರೆ ಸ್ಥಾವರ ಈಗ ಓಡುತ್ತಿದೆ. ಓಡುವವರೆಗೆ ಅದನ್ನು ಕಾಯುವುದು ಅಳತೆಯೇ. 2009ರ ನವೆಂಬರ್‌ನಲ್ಲಿ ಕೈಗಾದ ಕುಡಿಯುವ ನೀರಿನ ಕೂಲರ್ ಒಂದಕ್ಕೆ ಟ್ರಿಟಿಯಂ ಬೆರೆತು ಹಲವು ನೌಕರರ ದೇಹ ಸೇರಿತ್ತು. ಅದು ಪತ್ತೆಯಾದದ್ದು ಹೇಗೆ? ನೌಕರರ ಮೂತ್ರದ ಮಾಮೂಲಿ ಪರೀಕ್ಷೆಯಿಂದ. ಅಳೆಯುವ ರೂಢಿ ಇಲ್ಲದಿದ್ದರೆ ಆ ಕೂಲರಿನ ನೀರನ್ನು ಇನ್ನೆಷ್ಟು ದಿನ ಕುಡಿಯುತ್ತಿದ್ದರೋ. ಹಾಗಾಗಿ ಕೈಗಾ ಬೇಕು ಎನ್ನುವವರೂ ಬೇಡ ಎನ್ನುವವರೂ ಒಟ್ಟಿಗೆ ಕೇಳಬಹುದಾದ ಬೇಡಿಕೆ ಒಂದಿದೆ: ಅಳತೆ ಚೆನ್ನಾಗಿರಲಿ, ಅದು ಜನರಿಗೆ ಕಾಣಲಿ.

ನಮ್ಮ ಅಂಗಳದ ಸೋರಿಕೆ

ಕೈಗಾಕ್ಕೆ ಬುದ್ಧಿ ಹೇಳುವಾಗ ನಮ್ಮ ಕಡೆಯ ಲೆಕ್ಕವನ್ನೂ ಹೇಳಬೇಕು. ರಾಜ್ಯದ ಪಂಪ್‌ಸೆಟ್ಟುಗಳಲ್ಲಿ ಬಹುಪಾಲಿಗೆ ಮೀಟರ್ ಇಲ್ಲ. ಅವು ಎಷ್ಟು ಕರೆಂಟು ಬಳಸುತ್ತವೆ ಎಂಬುದನ್ನು ಅಂದಾಜಿನಲ್ಲೇ ಬರೆಯುತ್ತಾರೆ. ಮೀಟರ್ ಹಾಕಿ ಎಂದು ವಿದ್ಯುತ್ ನಿಯಂತ್ರಣ ಆಯೋಗ ಮತ್ತೆ ಮತ್ತೆ ಹೇಳಿದೆ. ಮೀಟರ್ ಬಂದರೆ ನಾಳೆ ಬಿಲ್ ಬರುತ್ತದೆ ಎಂಬ ರೈತರ ಭಯಕ್ಕೂ ಕಾರಣ ಇದೆ. ಆದರೆ ಅಂದಾಜಿನ ಲೆಕ್ಕದಲ್ಲಿ ಲೈನಿನ ಸೋರಿಕೆ, ಕಳ್ಳತನ ಎಲ್ಲವೂ 'ರೈತರ ಬಳಕೆ'ಯ ಖಾತೆಗೆ ಸೇರಿಬಿಡಬಹುದು. ಆಮೇಲೆ ಅದೇ ಲೆಕ್ಕ ಹಿಡಿದು 'ಕರೆಂಟು ಸಾಲದು' ಎಂದು ಗುಡ್ಡಕ್ಕೆ ಬರುತ್ತಾರೆ. ಪ್ರತಿ ಪಂಪಿಗೆ ಬೇಡ, ಕನಿಷ್ಠ ಪ್ರತಿ ಟ್ರಾನ್ಸ್‌ಫಾರ್ಮರಿಗೆ ಒಂದು ಮೀಟರ್ ಇರಲಿ. ಉಚಿತ ಕರೆಂಟು ಉಚಿತವಾಗಿಯೇ ಇರಲಿ, ಲೆಕ್ಕ ಮಾತ್ರ ನಿಜವಾಗಿರಲಿ.

ನಾವು ಕೇಳುವುದು ಇಷ್ಟು

ಒಂದು, ಕೈಗಾ ನಡೆಸುವ ಭಾರತೀಯ ಅಣುವಿದ್ಯುತ್ ನಿಗಮ ಪ್ರತಿ ಘಟಕದ ಶಾಖದ ಅಳತೆ ಎಷ್ಟು ನಿಖರ, ನೀರಿನ ಹರಿವನ್ನು ಹೇಗೆ ಅಳೆಯುತ್ತದೆ, ಅದನ್ನು ಸುಧಾರಿಸಿದರೆ ಎಷ್ಟು ಸಿಗುತ್ತದೆ ಎಂಬುದನ್ನು ಕನ್ನಡದಲ್ಲಿ ಪ್ರಕಟಿಸಲಿ.

ಎರಡು, 5 ಮತ್ತು 6ನೇ ಘಟಕಗಳಿಗೆ ಕಟ್ಟುವಾಗಲೇ ಉತ್ತಮ ಮೀಟರ್ ಕೂರಿಸಲಿ. ಓಡುವ ಸ್ಥಾವರ ನಿಲ್ಲಿಸಿ ಪೈಪು ಕತ್ತರಿಸುವುದಕ್ಕಿಂತ ಇದು ಅಗ್ಗ.

ಮೂರು, ಅಳತೆಯನ್ನು ಪರೀಕ್ಷಿಸುವವರು ಸ್ಥಾವರದ ಕೈಕೆಳಗಿನವರಾಗಿರಬಾರದು. ಅಣುಶಕ್ತಿ ನಿಯಂತ್ರಣ ಮಂಡಳಿಗೆ ಸ್ವಾತಂತ್ರ್ಯ ಸಾಲದು ಎಂದು 2012ರಲ್ಲೇ ಮಹಾಲೇಖಪಾಲರ ವರದಿ ಹೇಳಿತ್ತು. ಶಕ್ತಿ ಹೆಚ್ಚಿಸುವ ಯಾವುದೇ ಅನುಮತಿಗೂ ಮೊದಲು ಆ ಮಾತನ್ನು ನೆನಪಿಡಬೇಕು.

ನಾಲ್ಕು, ಕದ್ರಾ ನೀರಿನ ಬಿಸಿ ಮತ್ತು ವಿಕಿರಣದ ಅಳತೆಗಳು ಸುತ್ತಲಿನ ಪಂಚಾಯಿತಿಗಳ ಗೋಡೆಯ ಮೇಲೆ ಪ್ರತಿ ತಿಂಗಳೂ ಕಾಣಲಿ.

ಐದು, ಘಟ್ಟದಲ್ಲಿ ಹೊಸ ವಿದ್ಯುತ್ ಯೋಜನೆಗೆ ಕಾಡು ಕೇಳುವ ಮೊದಲು, ಈಗಿರುವ ಸ್ಥಾವರಗಳಿಂದ ಮತ್ತು ಲೈನುಗಳಿಂದ ಎಷ್ಟು ಉಳಿಸಬಹುದು ಎಂಬ ಲೆಕ್ಕವನ್ನು ಸರ್ಕಾರ ಮೇಜಿನ ಮೇಲಿಡಲಿ. ಕೈಗಾ ಮಾತ್ರವಲ್ಲ, ರಾಯಚೂರು, ಬಳ್ಳಾರಿ, ಶರಾವತಿ, ಕಾಳಿ ಎಲ್ಲವೂ ಆ ಪಟ್ಟಿಯಲ್ಲಿರಲಿ.

ಇದನ್ನು ಬೆಳಗೋಡಿನಲ್ಲಿ ಕೂತು ಕೇಳಲು ದಾರಿ ಇದೆ. ನಿಗಮವೂ ಮಂಡಳಿಯೂ ಮಾಹಿತಿ ಹಕ್ಕು ಕಾಯ್ದೆಯ ಅಡಿಯಲ್ಲಿ ಬರುತ್ತವೆ. ಹತ್ತು ರೂಪಾಯಿ ಶುಲ್ಕ. ಅರ್ಜಿ ಹಾಕುವ ಪ್ರದೇಶದ ಅಧಿಕೃತ ಭಾಷೆಯಲ್ಲೂ ಅರ್ಜಿ ಕೊಡಬಹುದು ಎಂದು ಕಾಯ್ದೆಯೇ ಹೇಳುತ್ತದೆ, ಅಂದರೆ ಕನ್ನಡದಲ್ಲಿ. ಭದ್ರತೆಯ ಕಾರಣ ಕೊಟ್ಟು ಕೆಲವು ವಿವರ ತಡೆಯಬಹುದು. ಆದರೆ ನೀರಿನ ಮೀಟರ್ ಎಷ್ಟು ಸರಿ ತೋರಿಸುತ್ತದೆ ಎಂಬುದು ಬಾಂಬಿನ ಗುಟ್ಟಲ್ಲ. ಮುಂದಿನ ಗ್ರಾಮಸಭೆಯಲ್ಲಿ ಐದನೇ ಬೇಡಿಕೆಯನ್ನು ಠರಾವಾಗಿ ಬರೆಸಿ. ನಮ್ಮ ಗುಡ್ಡದ ಬೆಲೆ ಕಟ್ಟಲು ಬರುವವರು ಮೊದಲು ತಮ್ಮ ತಕ್ಕಡಿ ತೋರಿಸಲಿ.